ಹುಳಿಯ ಹೊಳೆಯಲ್ಲಿ ನಿಂತ ಲೋಹ

ಕಾಡುಬಸಳೆಯ ಎಲೆಯನ್ನು ನಸುಕಿನಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅದೇ ಗಿಡದ ಎಲೆ ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಯ ಹೊತ್ತಿಗೆ ತುಸು ಕಹಿ. ಹಿತ್ತಿಲ ಗೋಡೆಯ ಬುಡದಲ್ಲಿ ತಾನಾಗಿ ಹಬ್ಬಿರುವ ಗಿಡ ಅದು. ಎಲೆಯ ಅಂಚಿನಿಂದಲೇ ಮರಿ ಮೊಳೆಯುತ್ತದೆಂದು ಮಕ್ಕಳು ಪುಸ್ತಕದ ಹಾಳೆಗಳ ನಡುವೆ ಇಟ್ಟು ಕಾಯುವುದುಂಟು. ಅದರ ರುಚಿಯ ಈ ಏರಿಳಿತವನ್ನು ಗಮನಿಸಿ ವಿಜ್ಞಾನಲೋಕಕ್ಕೆ ತಿಳಿಸಿದವರು ಬೆಂಜಮಿನ್ ಹೈನೆ. ಮಿಷನರಿಯಾಗಿ ತರಂಗಂಬಾಡಿಗೆ ಬಂದು ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞರಾದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಅವರ ಉಸ್ತುವಾರಿಯಲ್ಲಿತ್ತು. ಕಾಡುಬಸಳೆಯ ಬಗ್ಗೆ ಹೈನೆ ಬರೆದ ಪತ್ರವನ್ನು 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲಾಯಿತು. ಉಪಕರಣವೊಂದೂ ಇಲ್ಲದೆ, ಬರೀ ನಾಲಿಗೆಯಿಂದ, ಆತ ಒಂದು ಕಾರ್ಖಾನೆಯ ಹಗಲು ಪಾಳಿ, ರಾತ್ರಿ ಪಾಳಿಗಳನ್ನು ಪತ್ತೆಹಚ್ಚಿದ್ದರು.

ಆ ಕಾರ್ಖಾನೆಯ ಕೆಲಸ ಈಗ ನಮಗೆ ಗೊತ್ತಿದೆ. ಬಿಸಿಲಿಗೆ ಅಂಜುವ ಈ ಗಿಡ ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆಯುತ್ತದೆ. ಕತ್ತಲಲ್ಲಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕಟ್ಟಿ ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಬೆಳಗಾದ ಮೇಲೆ ಆ ದಾಸ್ತಾನನ್ನು ಒಡೆದು ಸಕ್ಕರೆ ಮಾಡುತ್ತದೆ. ಇಡೀ ವ್ಯವಹಾರದಲ್ಲಿ ಬೆಂಕಿ ಇಲ್ಲ, ಒತ್ತಡದ ಹಂಡೆ ಇಲ್ಲ, ಸದ್ದೂ ಇಲ್ಲ. ನಮ್ಮ ಹುಣಸೆಯ ಟಾರ್ಟಾರಿಕ್ ಆಮ್ಲ, ಮಲೆನಾಡಿನ ಉಪ್ಪಾಗೆ, ಮುರುಗಲುಗಳ ಹುಳಿ, ನಿಂಬೆಯ ಸಿಟ್ರಿಕ್ ಆಮ್ಲ ಎಲ್ಲವೂ ಹೀಗೆ ಸದ್ದಿಲ್ಲದೆ ಹುಟ್ಟಿದವೇ. ಹದಿನೆಂಟನೇ ಶತಮಾನದ ಸ್ವೀಡನ್ನಿನಲ್ಲಿ ಔಷಧದಂಗಡಿ ನಡೆಸುತ್ತಿದ್ದ ಕಾರ್ಲ್ ಶೀಲೆ ಈ ಹುಳಿಗಳನ್ನು ಒಂದೊಂದಾಗಿ ಬೇರ್ಪಡಿಸಿದರು. 1780ರಲ್ಲಿ ಹುಳಿ ಹಾಲಿನಿಂದ ಲ್ಯಾಕ್ಟಿಕ್, 1784ರಲ್ಲಿ ನಿಂಬೆಯಿಂದ ಸಿಟ್ರಿಕ್, ಮರುವರ್ಷ ಸೇಬಿನಿಂದ ಮ್ಯಾಲಿಕ್.

ಈ ಹುಳಿಗಳ ಬೆಲೆ ಏನೆಂದು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಬೇಕು. ಪ್ರತಿಯೊಂದರಲ್ಲೂ ಮೂರೋ ನಾಲ್ಕೋ ಐದೋ ಆರೋ ಇಂಗಾಲದ ಪರಮಾಣುಗಳ ಸರಪಳಿ ಇದೆ, ಸರಪಳಿಯ ತುದಿಯಲ್ಲಿ ಆಮ್ಲಜನಕ ಹೊತ್ತ ಕೊಂಡಿ ಇದೆ. ಎಷ್ಟೋ ಹುಳಿಗಳಲ್ಲಿ ಎರಡೂ ತುದಿಗೆ ಕೊಂಡಿ. ಎರಡು ಕಡೆ ಕೊಂಡಿಯಿದ್ದ ತುಣುಕನ್ನು ಒಂದಕ್ಕೊಂದು ಸಿಕ್ಕಿಸುತ್ತ ಹೋದರೆ ನೂಲು ಆಗುತ್ತದೆ, ಪ್ಲಾಸ್ಟಿಕ್ ಆಗುತ್ತದೆ. ಕಚ್ಚಾ ತೈಲದಲ್ಲಿ ಇರುವುದೂ ಇಂಗಾಲದ ಸರಪಳಿಯೇ. ಆದರೆ ಅಲ್ಲಿ ಕೊಂಡಿಗಳಿಲ್ಲ, ಬೋಳು ಸರಪಳಿ. ಕೋಟ್ಯಂತರ ವರ್ಷ ನೆಲದಡಿಯ ಶಾಖ ಆಮ್ಲಜನಕವನ್ನೆಲ್ಲ ಹೊರಗೆ ಹಾಕಿಬಿಟ್ಟಿದೆ. ಅದಕ್ಕೆ ಕೊಂಡಿ ಕೂಡಿಸಲು ನಾವು ಸುಡುವ ಆಮ್ಲ ಸುರಿಯಬೇಕು, ಕಾಯಿಸಬೇಕು, ಒತ್ತಬೇಕು. ಗಿಡ ಮೊದಲೇ ಮಾಡಿಟ್ಟ ಕೆಲಸವನ್ನು ಕಳೆದುಕೊಂಡ ವಸ್ತುವಿಗೆ ಮತ್ತೆ ಕಷ್ಟಪಟ್ಟು ಮಾಡಿಸುವುದೇ ಪೆಟ್ರೋಕೆಮಿಕಲ್ ಉದ್ಯಮದ ದೊಡ್ಡ ಪಾಲು ಎಂದು ಯೋಚಿಸಿದಾಗಲೆಲ್ಲ ನನಗೆ ಬೆರಗೂ ಆಗುತ್ತದೆ, ಸಂಕಟವೂ ಆಗುತ್ತದೆ.

ನೈಲಾನಿನ ಕತೆಯನ್ನೇ ತೆಗೆದುಕೊಳ್ಳಿ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೆಸ್ ಕ್ಯಾರದರ್ಸ್ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು. 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ, 1940ರಲ್ಲಿ ಹೆಂಗಸರ ಕಾಲುಚೀಲವಾಗಿ ಅದು ಅಂಗಡಿಗೆ ಬಂತು. ಆ ನೈಲಾನಿನ ಅರ್ಧ ಭಾಗ ಅಡಿಪಿಕ್ ಆಮ್ಲ: ಆರು ಇಂಗಾಲ, ಎರಡು ತುದಿಗೂ ಕೊಂಡಿ. ಜಗತ್ತು ಇದನ್ನು ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ತಯಾರಿಸುತ್ತದೆ. ಕಚ್ಚಾ ತೈಲದಿಂದ ಬಂದ ಬೋಳು ಉಂಗುರಕ್ಕೆ ಮೊದಲು ಗಾಳಿಯ ಆಮ್ಲಜನಕ ಹಿಡಿಸಿ, ಆಮೇಲೆ ನೈಟ್ರಿಕ್ ಆಮ್ಲದಿಂದ ಆ ಉಂಗುರವನ್ನು ಕತ್ತರಿಸುತ್ತಾರೆ. ಕತ್ತರಿಸುವಾಗ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆ ಅನಿಲದ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸುಮಾರು 270 ಕಿಲೋಗೆ ಸಮ. ಅನೇಕ ಕಾರ್ಖಾನೆಗಳು ಈಗ ಅದನ್ನು ಹಿಡಿದು ನಾಶ ಮಾಡುತ್ತವೆ, ಸರಿ. ಆದರೂ ದಾರಿ ಒರಟು ದಾರಿಯೇ.

ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಇಂಥ ಉಂಗುರ ಬಿಚ್ಚುವ ನಯವಾದ ವಿದ್ಯೆ ಗೊತ್ತಿದೆ. ಮರ ಸತ್ತು ಕೊಳೆಯುವಾಗ ಅದನ್ನು ಗಟ್ಟಿಯಾಗಿ ನಿಲ್ಲಿಸಿದ್ದ ಲಿಗ್ನಿನ್ ಎಂಬ ಜಿಗುಟು ವಸ್ತು ಉಂಗುರ ಉಂಗುರವಾಗಿ ಬಿಡಿಯಾಗುತ್ತದೆ. ಸ್ಯೂಡೊಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾ ಆ ಉಂಗುರಗಳನ್ನು ಆಹಾರಕ್ಕಾಗಿ ಬಿಚ್ಚುತ್ತದೆ; ಬಿಚ್ಚಿದಾಗ ನಡುದಾರಿಯಲ್ಲಿ ಸಿಗುವುದು ಮ್ಯುಕಾನಿಕ್ ಆಮ್ಲ. ಅದಕ್ಕೂ ಆರೇ ಇಂಗಾಲ, ಅದಕ್ಕೂ ಎರಡು ತುದಿಗೆ ಕೊಂಡಿ. ಅಡಿಪಿಕ್ ಆಮ್ಲಕ್ಕೂ ಅದಕ್ಕೂ ವ್ಯತ್ಯಾಸ ನಾಲ್ಕು ಜಲಜನಕದ ಪರಮಾಣು ಮಾತ್ರ. 1994ರಲ್ಲಿ ಕ್ಯಾರೆನ್ ಡ್ರಾತ್ಸ್ ಮತ್ತು ಜಾನ್ ಫ್ರಾಸ್ಟ್ ಸಕ್ಕರೆಯನ್ನೇ ಮ್ಯುಕಾನಿಕ್ ಆಮ್ಲ ಮಾಡಬಲ್ಲ ಬ್ಯಾಕ್ಟೀರಿಯಾವನ್ನು ರೂಪಿಸಿ, ಆ ಆಮ್ಲಕ್ಕೆ ಜಲಜನಕ ಸೇರಿಸಿ ಅಡಿಪಿಕ್ ಆಮ್ಲ ಪಡೆದು ತೋರಿಸಿದರು. ಅಮೆರಿಕದ ಕೊಲರಾಡೊ ರಾಜ್ಯದ ಗೋಲ್ಡನ್ ಎಂಬ ಊರಿನಲ್ಲಿರುವ, ಆಗ ನವೀಕರಣೀಯ ಇಂಧನದ ರಾಷ್ಟ್ರೀಯ ಪ್ರಯೋಗಾಲಯ ಎನಿಸಿದ್ದ ಸಂಸ್ಥೆಯವರು ಲಿಗ್ನಿನ್ನಿನಿಂದಲೂ ಇದನ್ನು ಸಾಧಿಸಿದ್ದಾರೆ. ಕಾಗದದ ಗಿರಣಿಗಳು ಬೇಡವೆಂದು ಒಲೆಗೆ ಹಾಕುವ ಪದಾರ್ಥ ಲಿಗ್ನಿನ್. ಅದರಿಂದ ನೂಲು!

ನಾಲ್ಕೇ ಪರಮಾಣು ಎಂದೆನಲ್ಲ, ಆದರೆ ಆ ನಾಲ್ಕು ತಾವಾಗಿ ಬಂದು ಕೂಡುವುದಿಲ್ಲ. ಮ್ಯುಕಾನಿಕ್ ಆಮ್ಲದ ದ್ರಾವಣದಲ್ಲಿ ಜಲಜನಕದ ಅನಿಲವನ್ನು ಎಷ್ಟು ಹೊತ್ತು ಗುಳುಗುಳಿಸಿದರೂ ಏನೂ ಆಗದು. ಜಲಜನಕದ ಪರಮಾಣುಗಳು ಜೋಡಿಜೋಡಿಯಾಗಿ ಒಂದನ್ನೊಂದು ಬಿಗಿದು ಹಿಡಿದಿರುತ್ತವೆ. ಆ ಹಿಡಿತ ಬಿಡಿಸಲು ಒಂದು ಲೋಹ ಬೇಕು. ಪೆಲ್ಲೇಡಿಯಂ ಈ ಕೆಲಸದಲ್ಲಿ ಪಳಗಿದ ಲೋಹ. ಅದು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಒಳಗೆ ಎಳೆದುಕೊಳ್ಳುತ್ತದೆಂದು ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1866ರಲ್ಲೇ ಕಂಡಿದ್ದರು. ಜಲಜನಕದ ಜೋಡಿ ಲೋಹದ ಮೇಲ್ಮೈ ಮುಟ್ಟಿದೊಡನೆ ಬಿಡಿಯಾಗುತ್ತದೆ. ಬಿಡಿ ಪರಮಾಣುಗಳು ಮೇಲ್ಮೈ ಮೇಲೆ ಓಡಾಡುತ್ತವೆ. ಪಕ್ಕದಲ್ಲೇ ಬಂದು ಒರಗಿದ ಆಮ್ಲದ ಅಣುವಿಗೆ ಸೇರಿಕೊಳ್ಳುತ್ತವೆ. ಅಣು ಬೇರೆಯದಾಗಿ ಎದ್ದು ಹೋಗುತ್ತದೆ. ಜಾಗ ಖಾಲಿ. ಮುಂದಿನದು ಬರಬಹುದು. ಇದೇ ಕೆಲಸವನ್ನು ನಿಕ್ಕಲ್ ಲೋಹ ಎಣ್ಣೆಯ ಮೇಲೆ ಮಾಡಿದ್ದರಿಂದಲೇ ನಮ್ಮ ಅಡುಗೆಮನೆಗೆ ಡಾಲ್ಡಾ ಬಂದದ್ದು.

ಹೀಗೆ ಪಾಲ್ಗೊಂಡೂ ತಾನು ಖರ್ಚಾಗದ ವಸ್ತುವಿನ ಈ ಗುಣಕ್ಕೆ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1835ರಲ್ಲಿ ಹೆಸರಿಟ್ಟರು. ನಮ್ಮ ಪಠ್ಯಗಳು ಅಂಥ ವಸ್ತುವನ್ನು ಕ್ರಿಯಾವರ್ಧಕ ಎನ್ನುತ್ತವೆ. ಕೊಟ್ಟೂ ಕಡಿಮೆಯಾಗದ್ದು, ಕೂಡಿಸಿಯೂ ತಾನು ಕೂಡಿಕೊಳ್ಳದ್ದು ಎಂಬ ಈ ಕಲ್ಪನೆ ಎಷ್ಟೋ ವರ್ಷ ನನ್ನನ್ನು ಮರುಳು ಮಾಡಿತ್ತು. ಸಂತರ ನಡವಳಿಕೆಯನ್ನು ಲೋಹದಲ್ಲಿ ಕಂಡಂತೆ ಅನ್ನಿಸುತ್ತಿತ್ತು. ಆದರೆ ಕ್ರಿಯಾವರ್ಧಕಗಳ ನಿಜವಾದ ಬದುಕನ್ನು ಓದುತ್ತ ಹೋದಂತೆ ಬೆರಗು ಬೇರೆ ಕಡೆ ತಿರುಗಿತು. ಅವು ಸವೆಯುತ್ತವೆ. ಸಾಯುತ್ತವೆ. ಒಂದೊಂದು ಅಣುವಿನ ಮಟ್ಟದಲ್ಲಿ ಪಠ್ಯ ಹೇಳುವುದು ನಿಜ, ಲೋಹ ಬಂದಂತೆಯೇ ಹಿಂತಿರುಗುತ್ತದೆ. ಲಕ್ಷ, ಕೋಟಿ ಸಲ ಅದೇ ಕೆಲಸ ಮಾಡುವಾಗ ಒಂದು ಸಲ ಹಿಂತಿರುಗುವುದಿಲ್ಲ.

ಅವು ಸಾಯುವ ಬಗೆಗಳನ್ನು ತುಸು ನಿಧಾನವಾಗಿ ನೋಡಬೇಕು, ವಿಷಯದ ತಿರುಳು ಅಲ್ಲಿದೆ. ದುಬಾರಿ ಲೋಹವನ್ನು ಗಟ್ಟಿಯಾಗಿ ಬಳಸಿದರೆ ಒಳಗಿನ ಪರಮಾಣುಗಳೆಲ್ಲ ದಂಡ; ಹಾಗಾಗಿ ಟೈಟಾನಿಯಂ ಆಕ್ಸೈಡಿನಂಥ ಅಗ್ಗದ ಪುಡಿಯ ಮೇಲೆ ಅದನ್ನು ಕೆಲವೇ ನ್ಯಾನೋಮೀಟರಿನ ಕಣಗಳಾಗಿ ಚೆಲ್ಲಿರುತ್ತಾರೆ. ಆ ಪುಟ್ಟ ಕಣಗಳಿಗೆ ನೆಮ್ಮದಿ ಇಲ್ಲ. ಬಿಸಿಯಾದಾಗ ತೆವಳಿ ಒಂದನ್ನೊಂದು ಸೇರಿ ದಪ್ಪಗಾಗುತ್ತವೆ. ದಪ್ಪಗಾದಷ್ಟೂ ಹೊರಮೈ ಕುಗ್ಗುತ್ತದೆ. ಕೆಲವೊಮ್ಮೆ ಇಂಗಾಲದ ಮಸಿ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಗಿಡದ ಕಚ್ಚಾ ಸರಕಿನಲ್ಲಿ ಉಳಿದ ಗಂಧಕ ವಿಷವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸೋರಿಕೆ: ಆಮ್ಲವೇ ಲೋಹದ ಪರಮಾಣುವನ್ನು ಕಿತ್ತುಕೊಂಡು ದ್ರವಕ್ಕೆ ಇಳಿಸುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು. ಹರಿದುಹೋದ ಪರಮಾಣುವನ್ನು ಮತ್ತೆ ಜಾಗಕ್ಕೆ ಕರೆತರಲಾಗದು, ಮೇಲಾಗಿ ಅದು ತಯಾರಾದ ಸರಕಿನೊಳಗೂ ಸೇರಿ ಅದನ್ನು ಕೆಡಿಸುತ್ತದೆ.

ತೈಲ ಶುದ್ಧೀಕರಣದ ನೂರು ವರ್ಷಗಳ ಅನುಭವ ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಅಲ್ಲಿ ಕ್ರಿಯಾವರ್ಧಕ ಎದುರಿಸುವುದು ಬಹುಮಟ್ಟಿಗೆ ಆವಿಯನ್ನು, ಜಿಡ್ಡನ್ನು. ಸಸ್ಯಲೋಕ ನೀರಿನ ಲೋಕ, ಹುಳಿಯ ಲೋಕ. ತೈಲಕ್ಕೆಂದು ಬೆಳೆಸಿದ ಅಲ್ಯೂಮಿನದ (ಅಲ್ಯೂಮಿನಿಯಂ ಆಕ್ಸೈಡಿನ) ಆಸರೆ ಬಿಸಿನೀರಿನಲ್ಲಿ ಬೇರೊಂದು ಖನಿಜವಾಗಿ ಮಾರ್ಪಟ್ಟು ಕುಸಿಯುತ್ತದೆ. ಆವಿಯನ್ನು ತಡೆಯಬಲ್ಲ ಜಿಯೋಲೈಟು ಎಂಬ ರಂಧ್ರಮಯ ಖನಿಜಗಳಲ್ಲಿ ಎಷ್ಟೋ ಬಿಸಿನೀರಿನಲ್ಲಿ ಬೇಗ ಕರಗಿಬಿಡುತ್ತವೆ. ಅಮೋನಿಯಾ ಕಾರ್ಖಾನೆಯ ಕಬ್ಬಿಣದ ಕ್ರಿಯಾವರ್ಧಕ ಹತ್ತು ವರ್ಷಕ್ಕೂ ಮಿಗಿಲಾಗಿ ಬಾಳುತ್ತದೆ. ಅದರ ಪಾಲಿಗೆ ಬಂದದ್ದು ಶುದ್ಧ, ಒಣ ಅನಿಲ. ಹುಳಿಯ ಹೊಳೆಯ ನಡುವೆ ನಿಂತು ದುಡಿಯುವ ಪೆಲ್ಲೇಡಿಯಮ್ಮಿಗೆ ಆ ಭಾಗ್ಯವಿಲ್ಲ.

ಬಾಳಿಕೆಯ ಪ್ರಶ್ನೆ ಬರೀ ಖರ್ಚಿನ ಪ್ರಶ್ನೆ ಎಂದು ನನಗನ್ನಿಸುವುದಿಲ್ಲ. ಪೆಲ್ಲೇಡಿಯಂ ಸಿಗುವುದು ಮುಖ್ಯವಾಗಿ ರಷ್ಯಾದ ನೊರಿಲ್ಸ್ಕ್ ಮತ್ತು ದಕ್ಷಿಣ ಆಫ್ರಿಕದ ಗಣಿಗಳಲ್ಲಿ. ಒಂದು ಟನ್ ಅದಿರನ್ನು ಅಗೆದು, ಪುಡಿಮಾಡಿ, ಕರಗಿಸಿದರೆ ಕೈಗೆ ಬರುವುದು ಕೆಲವೇ ಗ್ರಾಂ. ಗಿಡದಿಂದ ಮಾಡಿದ ನೈಲಾನ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ವಸ್ತುವಿನ ಹಿಂದೆ ಪ್ರತಿವರ್ಷ ಹೊಸ ಲೋಹ ಸೋರಿಹೋಗುತ್ತಿದ್ದರೆ, ಆ ಹಸಿರಿನ ಅಡಿಯಲ್ಲಿ ಒಂದು ಗುಂಡಿ ಆಳವಾಗುತ್ತಲೇ ಇರುತ್ತದೆ. ಮೂಲ ಗಿಡವೋ ತೈಲವೋ ಎಂಬುದರಷ್ಟೇ ನಡುವೆ ನಿಂತ ಲೋಹ ಎಷ್ಟು ಕಾಲ ಬಾಳಿತು ಎಂಬುದೂ ಆ ವಸ್ತುವಿನ ಶೀಲವನ್ನು ತೀರ್ಮಾನಿಸುತ್ತದೆ. ಇದು ನನ್ನ ಗಟ್ಟಿಯಾದ ನಂಬಿಕೆ.

ಗಿಡ ಈ ಕಷ್ಟವನ್ನು ಹೇಗೆ ನಿಭಾಯಿಸುತ್ತದೆ? ಅದು ಬಾಳಿಕೆಯ ಗೋಜಿಗೇ ಹೋಗುವುದಿಲ್ಲ. ದ್ಯುತಿಸಂಶ್ಲೇಷಣೆಯಲ್ಲಿ ನೀರನ್ನು ಒಡೆಯುವ ಕಿಣ್ವಸಮೂಹದ ನಡುವೆ ಡಿ1 ಎಂಬ ಒಂದು ಪ್ರೋಟೀನು ಇದೆ. ಪ್ರಖರ ಬಿಸಿಲಿನಲ್ಲಿ ಅದು ಸುಮಾರು ಅರ್ಧ ಗಂಟೆಗೊಮ್ಮೆ ಹಾಳಾಗುತ್ತದೆ. ಎಲೆ ಅದನ್ನು ಬಿಚ್ಚಿ ಹೊರಗೆ ತೆಗೆದು, ಹೊಸದನ್ನು ಹೆಣೆದು ಅದೇ ಜಾಗದಲ್ಲಿ ಕೂರಿಸುತ್ತದೆ. ಅರ್ಧ ಗಂಟೆ! ನಾವು ಉಸಿರಾಡುವ ಆಮ್ಲಜನಕವೆಲ್ಲ ಹೀಗೆ ಮುರಿಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ಯಂತ್ರದಿಂದ ಬಂದದ್ದು. ಹಳೆಯದರ ತುಣುಕುಗಳೇ ಹೊಸದರ ಸಾಮಗ್ರಿ, ರಿಪೇರಿಗೆ ಶಕ್ತಿ ಕೊಡುವವನು ಸೂರ್ಯ. ಹೊರಗಿನಿಂದ ಏನನ್ನೂ ಅಗೆದು ತರಬೇಕಾಗಿಲ್ಲ. ನಮ್ಮ ಉಕ್ಕಿನ ಪಾತ್ರೆಯೊಳಗಿನ ಪೆಲ್ಲೇಡಿಯಮ್ಮಿಗೆ ತನ್ನನ್ನು ತಾನೇ ಮತ್ತೆ ಹೆಣೆದುಕೊಳ್ಳುವ ವಿದ್ಯೆ ಇಲ್ಲ. ರಿಪೇರಿ ಬಾರದವನಿಗೆ ಜೋಪಾನವೇ ಗತಿ. ಹಾಗಾಗಿ ಬಾಳಿಕೆ ನಾವು ಹುಡುಕಬೇಕಾದ ಗುಣವಾಯಿತು.

ಹುಡುಕಿದ ಉಪಾಯಗಳಲ್ಲಿ ಒಂದು ನನ್ನನ್ನು ತೀರ ಬೆರಗುಗೊಳಿಸಿದೆ. ಹುಳಿಯಡುಗೆ ಮಾಡುವ ಹಿತ್ತಾಳೆ ಪಾತ್ರೆಗೆ ನಮ್ಮ ಹಿರಿಯರು ಕಲಾಯಿ ಹಾಕಿಸುತ್ತಿದ್ದರು. ಹುಳಿ ಲೋಹವನ್ನು ತಾಗದಂತೆ ತವರದ ತೆಳು ಹೊದಿಕೆ. ಕ್ರಿಯಾವರ್ಧಕಕ್ಕೂ ಹೊದಿಕೆ ಹಾಕಬಹುದೇ? ಕೇಳಲು ಸುಲಭ. ಆದರೆ ಕಲಾಯಿಯ ಕೆಲಸ ಮುಚ್ಚುವುದು, ಇಲ್ಲಿ ಮುಚ್ಚಿದರೆ ಕೆಲಸವೇ ನಿಂತುಹೋಗುತ್ತದೆ. ಹುಳಿಯ ಅಣು ಒಳಗೆ ಬಂದು ಲೋಹವನ್ನು ಮುಟ್ಟಲೇಬೇಕು, ಲೋಹದ ಪರಮಾಣು ಮಾತ್ರ ಹೊರಗೆ ಹೋಗಕೂಡದು. ಬಾಗಿಲು ಬಂದವರಿಗೆ ತೆರೆದಿದ್ದು, ಮನೆಯವರಿಗೆ ಮುಚ್ಚಿರಬೇಕು.

ಇದಕ್ಕೆ ನೆರವಾದ ತಂತ್ರ ಹುಟ್ಟಿದ್ದು ಬೇರೆಲ್ಲೋ, ಬೇರೆ ಯಾವುದಕ್ಕೋ. 1974ರಲ್ಲಿ ಫಿನ್ಲೆಂಡಿನ ತುಒಮೊ ಸುಂಟೊಲ ಬೆಳಗುವ ಫಲಕಗಳಿಗಾಗಿ ಅತಿ ತೆಳುವಾದ ಪದರ ಬೆಳೆಸುವ ವಿಧಾನ ಕಂಡುಕೊಂಡರು. (ಸೋವಿಯತ್ ವಿಜ್ಞಾನಿಗಳು 1960ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿದ್ದರು.) ಅಲ್ಯೂಮಿನಿಯಂ ಹೊತ್ತ ಒಂದು ಆವಿಯನ್ನು ಪುಡಿಯ ಮೇಲೆ ಹಾಯಿಸುತ್ತಾರೆ. ಅದು ಜಾಗ ಸಿಕ್ಕಲ್ಲೆಲ್ಲ ಒಂದೇ ಪದರ ಅಂಟಿಕೊಂಡು ನಿಂತುಬಿಡುತ್ತದೆ. ಎಷ್ಟೇ ಹೆಚ್ಚು ಕೊಟ್ಟರೂ ಎರಡನೆಯ ಪದರ ಕೂರದು. ಉಳಿದ ಆವಿಯನ್ನು ಗುಡಿಸಿ ತೆಗೆದು ನೀರಾವಿ ಕೊಡುತ್ತಾರೆ. ಅಂಟಿದ್ದು ಅಲ್ಯೂಮಿನವಾಗುತ್ತದೆ, ಮುಂದಿನ ಪದರಕ್ಕೆ ನೆಲ ಸಿದ್ಧ. ಹೀಗೆ ಒಂದು ಸುತ್ತಿಗೆ ಬೆಳೆಯುವ ದಪ್ಪ ಸುಮಾರು 0.1 ನ್ಯಾನೋಮೀಟರು. ನಮ್ಮ ತಲೆಗೂದಲಿನಷ್ಟು ದಪ್ಪವಾಗಲು ಲಕ್ಷಗಟ್ಟಲೆ ಸುತ್ತು ಬೇಕು. ವಸ್ತು ತಾನೇ ಸಾಕು ಎಂದು ನಿಲ್ಲುವ ಈ ಗುಣ ನನಗೆ ಪೆಲ್ಲೇಡಿಯಮ್ಮಿನ ಚಳಕಕ್ಕಿಂತ ದೊಡ್ಡ ಸೋಜಿಗವಾಗಿ ಕಾಣುತ್ತದೆ. ಈ ಕೆಲಸಕ್ಕಾಗಿ ಸುಂಟೊಲ ಅವರಿಗೆ 2018ರಲ್ಲಿ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು.

2012ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಪೆಲ್ಲೇಡಿಯಂ ಕಣಗಳಿಗೆ ಹೀಗೆ ಅಲ್ಯೂಮಿನ ಹೊದಿಸಿ ಕಾಯಿಸಿದರು. ಹೊದಿಕೆಯಲ್ಲಿ ಅತಿ ಸಣ್ಣ ರಂಧ್ರಗಳು ತೆರೆದುಕೊಂಡವು. ಕಣಗಳು ಒಂದಕ್ಕೊಂದು ಸೇರಲೂ ಇಲ್ಲ, ಮಸಿಯೂ ಅಷ್ಟಾಗಿ ಕೂರಲಿಲ್ಲ. ಮರುವರ್ಷ ವಿಸ್ಕಾನ್ಸಿನ್ನಿನಲ್ಲಿ ಜೇಮ್ಸ್ ಡ್ಯುಮೆಸಿಕ್ ಅವರ ತಂಡ ತಾಮ್ರಕ್ಕೆ ಇದೇ ಹೊದಿಕೆ ಹಾಕಿ, ಸಸ್ಯಮೂಲದ ಫರ್ಫ್ಯುರಾಲಿನ ದ್ರಾವಣದಲ್ಲಿ ಅದು ಸೋರದಂತೆ ನಿಲ್ಲಿಸಿತು. ಇದರ ಒಳಗುಟ್ಟು ಸೊಗಸಾಗಿದೆ. ಲೋಹದ ಕಣದಲ್ಲಿ ಮೂಲೆಯ, ಅಂಚಿನ ಪರಮಾಣುಗಳಿಗೆ ನೆರೆಯವರು ಕಡಿಮೆ, ಹಿಡಿತ ಸಡಿಲ. ಮೊದಲು ಕಳಚಿಕೊಳ್ಳುವವು ಅವೇ. ಹೊದಿಕೆ ಮೊದಲು ಹೋಗಿ ಕೂರಲು ಬಯಸುವುದೂ ಆ ಮೂಲೆಗಳಲ್ಲೇ. ಯಾರು ಓಡಿಹೋಗಲಿದ್ದಾರೋ ಅವರನ್ನೇ ಹುಡುಕಿ ಹಿಡಿದಂತೆ. 2019ರಲ್ಲಿ ಗೋಲ್ಡನ್ನಿನವರು ಟೈಟಾನಿಯಂ ಆಕ್ಸೈಡಿನ ಮೇಲಿನ ಪೆಲ್ಲೇಡಿಯಮ್ಮಿಗೆ ಈ ಅಲ್ಯೂಮಿನದ ಹೊದಿಕೆ ಹಾಕಿ ಮ್ಯುಕಾನಿಕ್ ಆಮ್ಲಕ್ಕೆ ಒಡ್ಡಿದರು. ಸೋರಿಕೆ ಸ್ಪಷ್ಟವಾಗಿ ತಗ್ಗಿತು, ಲೋಹದ ಚುರುಕು ಉಳಿಯಿತು. ಬಿಸಿನೀರಿನಲ್ಲಿ ಅಲ್ಯೂಮಿನವೇ ಕುಸಿಯುತ್ತದೆಂದು ಮೇಲೆ ಹೇಳಿದೆ. ಅಂಥ ಕಡೆ ಟೈಟಾನಿಯಂ ಆಕ್ಸೈಡನ್ನೇ ಹೊದಿಕೆ ಮಾಡುವ ಪ್ರಯತ್ನಗಳೂ ನಡೆದಿವೆ.

ಹೊದಿಕೆಯೊಂದೇ ದಾರಿ ಎಂದೇನಿಲ್ಲ. ಕಬ್ಬಿನ ಹಿಪ್ಪೆಯಂಥ ನಾರಿನಿಂದ ಬರುವ ಲೆವ್ಯುಲಿನಿಕ್ ಆಮ್ಲವನ್ನು ಒಳ್ಳೆಯ ದ್ರಾವಕವಾಗಿ ಬದಲಿಸಲು ರುಥೇನಿಯಂ ಬಳಸುತ್ತಾರೆ. ನೆದರ್ಲೆಂಡ್ಸಿನ ಊಟ್ರೆಕ್ಟಿನವರು ರುಥೇನಿಯಮ್ಮಿಗೆ ಪೆಲ್ಲೇಡಿಯಂ ಬೆರೆಸಿ ಮಿಶ್ರಲೋಹ ಮಾಡಿದಾಗ ಅದು ಹೆಚ್ಚು ಬಾಳಿತು. ಜೊತೆಗಾರ ಲೋಹವೇ ಕಾವಲು ನಿಂತ ಹಾಗೆ. ಇನ್ನೊಂದು ದಾರಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಕೆ.ಸಿ. ಪಾಟೀಲರು ಅಲ್ಲಿ 1988ರಲ್ಲಿ ಲೋಹದ ನೈಟ್ರೇಟಿಗೆ ಯೂರಿಯಾ ಬೆರೆಸಿ, 500 ಡಿಗ್ರಿಯ ಕುಲುಮೆಯಲ್ಲಿಟ್ಟು, ಕೆಲವೇ ನಿಮಿಷಗಳಲ್ಲಿ ಭಗ್ಗನೆ ಉರಿಸಿ ಆಕ್ಸೈಡಿನ ನಯವಾದ ಪುಡಿ ಪಡೆಯುವ ದಹನವಿಧಾನ ತಂದರು. ಎಂ.ಎಸ್. ಹೆಗಡೆಯವರು ಮತ್ತು ಸಂಗಡಿಗರು ಅದೇ ವಿಧಾನದಿಂದ ಪೆಲ್ಲೇಡಿಯಮ್ಮನ್ನು ಕಣವಾಗಿ ಮೇಲೆ ಕೂರಿಸುವ ಬದಲು, ಸೀರಿಯಂ ಆಕ್ಸೈಡಿನ ಹರಳಿನೊಳಗೆ ಒಂದೊಂದು ಅಯಾನಾಗಿ ಹೂಳಿದರು. ಹರಳಿನ ಕಟ್ಟಡದಲ್ಲೇ ಒಂದು ಇಟ್ಟಿಗೆಯಾದ ಲೋಹ ತೆವಳಿ ಹೋಗಿ ಇನ್ನೊಂದನ್ನು ಸೇರುವುದೆಲ್ಲಿಂದ? ಅವರು ಇದನ್ನು ಮುಖ್ಯವಾಗಿ ವಾಹನದ ಹೊಗೆ ಶುದ್ಧಿಗೆಂದು ಮಾಡಿದ್ದು, ಸಸ್ಯದ ಹುಳಿಗೆಂದಲ್ಲ. ಆದರೂ ಲೋಹವನ್ನು ಉಳಿಸಿಕೊಳ್ಳುವ ಯೋಚನೆ ಅದೇ.

ಇಷ್ಟಾದರೂ ಇವತ್ತು ಮಾರುಕಟ್ಟೆಯ ಅಡಿಪಿಕ್ ಆಮ್ಲ ಹೆಚ್ಚೂಕಡಿಮೆ ಪೂರ್ತಿ ತೈಲದಿಂದಲೇ ಬರುತ್ತಿದೆ. ಬ್ಯಾಕ್ಟೀರಿಯಾಗಳು ಸಿದ್ಧ, ಸಕ್ಕರೆಯೂ ಹಿಪ್ಪೆಯೂ ಸಿದ್ಧ. ಅಗ್ಗದ ತೈಲದ ಎದುರು ನಿಲ್ಲುವ ಬೆಲೆ ಇನ್ನೂ ಸಿದ್ಧವಿಲ್ಲ. ಆ ಬೆಲೆಯಲ್ಲಿ ಲೋಹದ ಆಯಸ್ಸಿನ ಪಾಲು ಸಣ್ಣದೇನಲ್ಲ.

ಪಿಯುಸಿ ತರಗತಿಗಳಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಕ್ರಿಯಾವರ್ಧಕ ಕ್ರಿಯೆಯ ಕೊನೆಗೆ ಬದಲಾಗದೆ ಉಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವಾಗ ಅಲ್ಲಿಗೇ ನಿಲ್ಲಿಸಬೇಡಿ. ಅದು ಸೋರುತ್ತದೆ, ಮಸಿ ಹಿಡಿಯುತ್ತದೆ, ಸಾಯುತ್ತದೆ, ಅದನ್ನು ಉಳಿಸಿಕೊಳ್ಳಲು ಜನ ಪರಮಾಣುವಿನಷ್ಟು ತೆಳುವಾದ ಹೊದಿಕೆ ಹೊದಿಸುತ್ತಿದ್ದಾರೆ ಎಂದೂ ಹೇಳಿ. ಕೇಳಿದ ಮಕ್ಕಳಲ್ಲಿ ಯಾರಿಗಾದರೂ ಇದೇ ಮುಂದಿನ ಕೆಲಸ ಆದೀತು.